ವರದಿಯಲ್ಲಿ ‘ಡಿಸ್ಕ್ ಎಕ್ಸ್‌ಟ್ರೂಷನ್’ ಅಂತ ಬಂದಿದೆ. ಆಪರೇಷನ್ ಮಾಡಿಸಲೇಬೇಕಾ?

ಕುರ್ಚಿಗಂಟಿದವ
(ಮೊದಲ ದಿನ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಸುಮ್ನೆ ಓದಿಕೊಂಡು ಹೋಗುವವನು ನಾನು. ಇವತ್ತು ಬರೆಯುವ ಹಾಗಾಯಿತು.

ವಯಸ್ಸು 38. ದಿನವಿಡೀ ಕೂತು ಮಾಡುವ ಕೆಲಸ. ಐದು ವಾರದ ಹಿಂದೆ ಬೆಳಿಗ್ಗೆ ಎದ್ದವನೇ ಮುಖ ತೊಳೆಯಲು ಬಗ್ಗಿದೆ, ಅದೇ ಹೊತ್ತಿಗೆ ಒಂದು ಸೀನು ಬಂತು. ಅಷ್ಟೇ. ಸೊಂಟ ಹಿಡಿದುಕೊಂಡಿತು. ಭಾರ ಎತ್ತಿಲ್ಲ, ಎಲ್ಲೂ ಬಿದ್ದಿಲ್ಲ. ಸೀನಿ ಹೀಗಾಯಿತು ಅಂತ ಹೇಳಿಕೊಳ್ಳೋಕೂ ನಾಚಿಕೆ.

ಎರಡು ದಿನ ಬರೀ ಸೊಂಟನೋವು. ಮೂರನೇ ದಿನ ಸೊಂಟ ಸ್ವಲ್ಪ ಹಗುರಾಯಿತು, ವಾಸಿಯಾಗುತ್ತಿದೆ ಅಂದುಕೊಂಡೆ. ಆದರೆ ನೋವು ಕಾಲಿಗೆ ಇಳಿದಿತ್ತು. ಎಡ ಪಿರ್ರೆಯಿಂದ ತೊಡೆಯ ಹಿಂಭಾಗ, ಮೀನಖಂಡ, ಅಲ್ಲಿಂದ ಪಾದದ ಹೊರ ಅಂಚಿಗೆ ಕರೆಂಟ್ ಹೊಡೆದ ಹಾಗೆ ಚಳುಕು. ಕಿರುಬೆರಳಿಗೆ ಜೋಮು. ಕೂತರೆ ಐದು ನಿಮಿಷ ತಡೆಯೋಕಾಗಲ್ಲ. ಕೆಮ್ಮಿದರೆ ಕಣ್ಣಲ್ಲಿ ನೀರು.

ಎಂಆರ್‌ಐ ವರದಿಯಲ್ಲಿ ಬರೆದಿದ್ದು: ಎಲ್5-ಎಸ್1 (ಸೊಂಟದ ಕೊನೆಯ ಮಣಿ, ಅದರ ಕೆಳಗಿನ ಮೂಳೆ, ಇವೆರಡರ ನಡುವಿನ ಮೆತ್ತೆಯಂತೆ) ಡಿಸ್ಕ್ ಎಕ್ಸ್‌ಟ್ರೂಷನ್, ಎಡಗಡೆ ಎಸ್1 ನರದ ಬೇರಿನ ಮೇಲೆ ಒತ್ತಡ. ಎಲ್4-ಎಲ್5 ಬಲ್ಜ್. ಡಿಸ್ಕ್ ಡೆಸಿಕೇಶನ್. ಒಬ್ಬ ಸರ್ಜನ್ ‘ತುಂಡು ದೊಡ್ಡದಿದೆ, ತೆಗೆಸಿಬಿಡಿ’ ಅಂದರು. ಇನ್ನೊಬ್ಬರು ಅದೇ ಫಿಲ್ಮ್ ನೋಡಿ ‘ಇನ್ನೂ ಕಾಯಬಹುದು’ ಅಂದರು. ಒಂದೇ ಚಿತ್ರ, ಎರಡು ಮಾತು. ಯಾರನ್ನು ನಂಬಲಿ?

—

ಹಳೇಬೆನ್ನು

ನಾಚಿಕೆ ಯಾಕೆ ತಮ್ಮಾ, ನನಗೆ ಆಗಿದ್ದು ಶೂ ಲೇಸ್ ಕಟ್ಟುವಾಗ. ಆ ಸೀನು ಕೊನೆಯ ಹನಿ ಅಷ್ಟೇ. ಕೊಡ ಮೊದಲೇ ತುಂಬಿತ್ತು.

ಇನ್ನೊಂದು, ಬೆಳಿಗ್ಗೆ ಎದ್ದ ಕೂಡಲೇ ಬಗ್ಗಿದೆ ಅಂದೆಯಲ್ಲ, ಅದರಲ್ಲೂ ವಿಷಯ ಇದೆ. ರಾತ್ರಿ ಮಲಗಿದಾಗ ಡಿಸ್ಕ್‌ಗಳ ಮೇಲೆ ಭಾರ ಇರಲ್ಲ, ಅವು ನೀರು ಹೀರಿಕೊಂಡು ಉಬ್ಬುತ್ತವೆ. ಬೆಳಿಗ್ಗೆ ನಾವೆಲ್ಲ ರಾತ್ರಿಗಿಂತ ಒಂದು ಎರಡು ಸೆಂಟಿಮೀಟರ್ ಉದ್ದ ಇರ್ತೀವಿ. ತುಂಬಿದ ಬಲೂನಿನ ಹಾಗೆ ಬಿಗಿಯಾಗಿರುವ ಆ ಹೊತ್ತಲ್ಲಿ ಬಗ್ಗಿದರೆ ಹಿಂಭಾಗದ ಪದರಕ್ಕೆ ಹೊಡೆತ ಜಾಸ್ತಿ. ಎದ್ದ ಮೇಲೆ ಮೊದಲ ಒಂದು ಗಂಟೆ ಬಗ್ಗಬೇಡ. ನನಗೆ ಯಾವ ಮಾತ್ರೆಗಿಂತ ಜಾಸ್ತಿ ಉಪಯೋಗ ಆದ ಮಾತು ಇದೇ.

—

ಫಿಸಿಯೋ_ಅಕ್ಕ

ಫಿಸಿಯೋಥೆರಪಿಸ್ಟ್ ಆಗಿ 14 ವರ್ಷ ಆಯಿತು. ನಿಮ್ಮನ್ನು ಮುಟ್ಟಿ ನೋಡದೆ ಚಿಕಿತ್ಸೆ ಹೇಳಲ್ಲ. ಆದರೆ ನಾಲ್ಕು ಪ್ರಶ್ನೆ ಕೇಳಲೇಬೇಕು, ಇವತ್ತೇ ಉತ್ತರ ಕೊಡಿ.

ಮೂತ್ರ ಸರಾಗವಾಗಿ ಬರುತ್ತಿದೆಯಾ? ತುಂಬಿದ್ದು ಗೊತ್ತಾಗುತ್ತಿದೆಯಾ? ಸೈಕಲ್ ಸೀಟು ತಾಗುವ ಜಾಗ, ಅಂದರೆ ತೊಡೆಸಂಧಿ, ಗುದದ್ವಾರದ ಸುತ್ತ ಮುಟ್ಟಿದರೆ ಗೊತ್ತಾಗುತ್ತಾ? ನೋವು ಒಂದೇ ಕಾಲಿಗಾ, ಎರಡೂ ಕಾಲಿಗಾ? ಇವುಗಳಲ್ಲಿ ಯಾವುದಾದರೂ ಕೆಟ್ಟಿದ್ದರೆ ಈ ಚರ್ಚೆ ಮುಚ್ಚಿ ಈಗಲೇ ತುರ್ತು ಚಿಕಿತ್ಸೆಗೆ ಹೋಗಿ. ಅದಕ್ಕೆ ಕೌಡಾ ಈಕ್ವೈನಾ ಸಿಂಡ್ರೋಮ್ ಅಂತಾರೆ. ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೇ ಮಣಿಯ ಹತ್ತಿರವೇ ಮುಗಿಯುತ್ತದೆ. ಅಲ್ಲಿಂದ ಕೆಳಗೆ ಕುದುರೆ ಬಾಲದ ಹಾಗೆ ನರಗಳ ಗೊಂಚಲು. ದೊಡ್ಡ ತುಂಡು ಆ ಇಡೀ ಗೊಂಚಲನ್ನು ಅದುಮಿದರೆ ಲೆಕ್ಕ ಗಂಟೆಗಳದ್ದು, ವಾರಗಳದ್ದಲ್ಲ. ತಡ ಮಾಡಿದರೆ ಮೂತ್ರದ ಹಿಡಿತ ವಾಪಸ್ ಬರದೇ ಹೋಗಬಹುದು. ಇದು ಅಪರೂಪ. ಆದರೂ ಬೆನ್ನುನೋವಿನವರು ಪ್ರತಿಯೊಬ್ಬರೂ ಗೊತ್ತಿಟ್ಟುಕೊಳ್ಳಬೇಕು.

ಇನ್ನೊಂದು ಪರೀಕ್ಷೆ. ಗೋಡೆ ಹಿಡಿದು ಎಡಗಾಲೊಂದರಲ್ಲೇ ನಿಲ್ಲಿ, ತುದಿಗಾಲಿಗೆ ಏರಿ ಇಳಿಯಿರಿ. ಎಷ್ಟು ಸಲ ಆಗುತ್ತದೆ? ಬಲಗಾಲಲ್ಲಿ ಎಷ್ಟು?

—

ಕುರ್ಚಿಗಂಟಿದವ

ಅಕ್ಕಾ, ಮೂತ್ರ, ಸ್ಪರ್ಶ ಎಲ್ಲ ಸರಿಯಿದೆ. ಒಂದೇ ಕಾಲು. ತುದಿಗಾಲಲ್ಲಿ ಬಲಗಾಲು ಇಪ್ಪತ್ತು ಆರಾಮಾಗಿ ಆಯಿತು. ಎಡಗಾಲು ಒಂಬತ್ತಕ್ಕೆ ನಡುಗಿ ನಿಂತಿತು. ನೋವಿಂದಲ್ಲ, ಶಕ್ತಿಯೇ ಇಲ್ಲ ಅನ್ನುವ ಹಾಗೆ. ಇದು ಕೆಟ್ಟದ್ದಾ?

—

ಫಿಸಿಯೋ_ಅಕ್ಕ

ಒಂಬತ್ತು ಅಂದರೆ ಸ್ನಾಯು ಕೆಲಸ ಮಾಡುತ್ತಿದೆ, ಆದರೆ ಸೋತಿದೆ. ಎಸ್1 ನರ ಒತ್ತಿದಾಗ ಹೀಗೇ ಆಗುವುದು. ನಿಮ್ಮ ಕಿರುಬೆರಳ ಜೋಮೂ ಅದಕ್ಕೇ ಹೊಂದುತ್ತದೆ. ಡಾಕ್ಟರು ಹಿಮ್ಮಡಿಯ ಮೇಲಿನ ಸ್ನಾಯುರಜ್ಜಿಗೆ ಸುತ್ತಿಗೆಯಲ್ಲಿ ತಟ್ಟಿದಾಗ ಎಡ ಪಾದ ಜಿಗಿಯಲಿಲ್ಲ ಅಲ್ವಾ? ಎಲ್5 ನರ ಆಗಿದ್ದರೆ ಪಾದದ ಮೇಲ್ಭಾಗ, ಹೆಬ್ಬೆರಳು ಜೋಮು ಹಿಡಿಯುತ್ತಿತ್ತು, ಹೆಬ್ಬೆರಳು ಮೇಲೆತ್ತುವುದು ಕಷ್ಟ ಆಗುತ್ತಿತ್ತು. ಎಲ್4 ಆಗಿದ್ದರೆ ಮೊಣಕಾಲಿನ ಜಿಗಿತ ಹೋಗುತ್ತಿತ್ತು.

ಪ್ರತಿ ಎರಡು ದಿನಕ್ಕೊಮ್ಮೆ ಈ ಲೆಕ್ಕ ಬರೆದಿಡಿ. ಒಂಬತ್ತು ಹನ್ನೆರಡಾದರೆ ಕಾಯೋಣ. ಒಂಬತ್ತು ನಾಲ್ಕಾದರೆ ಆಪರೇಷನ್ ಹೇಳಿದ ಸರ್ಜನ್ ಹತ್ತಿರ ಅದೇ ದಿನ ಹೋಗಿ. ಫಿಲ್ಮ್ ಅಲ್ಲ, ಈ ಕಾಲು ಹೇಳುತ್ತದೆ ಯಾವ ಡಾಕ್ಟರು ಸರಿ ಅಂತ.

—

ಕುರ್ಚಿಗಂಟಿದವ

ಹೌದು ಅಕ್ಕಾ, ಎಡ ಪಾದ ಜಿಗಿಯಲೇ ಇಲ್ಲ! ಅವರು ಮೂರು ಸಲ ತಟ್ಟಿ ಸುಮ್ಮನಾದರು. ನೀವು ನೋಡದೇ ಹೇಗೆ ಹೇಳಿದಿರಿ?

—

ನೆರಳುಬೆಳಕು

ನಾನು ಸ್ಕ್ಯಾನಿಂಗ್ ವಿಭಾಗದಲ್ಲಿ ಕೆಲಸ ಮಾಡುವವನು. ವರದಿಯ ಪದಗಳು ಜನರನ್ನು ಎಷ್ಟು ಹೆದರಿಸುತ್ತವೆ ಅಂತ ದಿನಾ ನೋಡುತ್ತೇನೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲನೆಯದಾಗಿ, ಡಿಸ್ಕ್ ‘ಸ್ಲಿಪ್’ ಆಗಲ್ಲ, ಜರುಗಲ್ಲ. ಮೇಲಿನ ಕೆಳಗಿನ ಮಣಿಗಳಿಗೆ ಅದು ಗಟ್ಟಿಯಾಗಿ ಬೆಸೆದಿರುತ್ತದೆ. ನಮ್ಮ ಬೆನ್ನಲ್ಲಿ ಇಂಥವು 23 ಇವೆ. ಹೊರಗೆ ನಾರಿನ ಉಂಗುರಗಳು, ಒಂದರೊಳಗೊಂದು ಹದಿನೈದು ಇಪ್ಪತ್ತು ಪದರ. ಒಂದು ಪದರದ ನಾರು ಬಲಕ್ಕೆ ವಾಲಿದ್ದರೆ ಮುಂದಿನದು ಎಡಕ್ಕೆ. ಟೈರಿನ ಒಳಗಿನ ದಾರದ ಹಾಗೆ. ನಡುವೆ ಲೋಳೆಯಂಥ ತಿರುಳು. ಚಿಕ್ಕ ವಯಸ್ಸಲ್ಲಿ ಅದರಲ್ಲಿ ನೂರಕ್ಕೆ ಎಂಬತ್ತಕ್ಕೂ ಜಾಸ್ತಿ ಪಾಲು ನೀರು. ಪದರ ಸವೆದು ಸೀಳಿದಾಗ ತಿರುಳು ಆ ಸೀಳಿನಿಂದ ಹೊರಗೆ ನುಸುಳುತ್ತದೆ. ಹಿಂದುಗಡೆ ಮಧ್ಯದಲ್ಲಿ ಒಂದು ಲಿಗಮೆಂಟ್ ಪಟ್ಟಿ ಕಾವಲಿಗಿದೆ. ಅದಕ್ಕೇ ತಿರುಳು ಹೆಚ್ಚಾಗಿ ಪಕ್ಕಕ್ಕೆ ತಪ್ಪಿಸಿಕೊಂಡು ಬರುವುದು. ನರದ ಬೇರು ಇರುವುದೂ ಅಲ್ಲೇ.

ಈಗ ಪದಗಳು. ಬಲ್ಜ್ ಅಂದರೆ ಡಿಸ್ಕ್ ಸುತ್ತಲೂ ಸ್ವಲ್ಪ ಹೊರಗೆ ಉಬ್ಬಿರುವುದು. ಪ್ರೊಟ್ರೂಷನ್ ಅಂದರೆ ಒಂದು ಕಡೆ ಅಗಲ ಬುಡದ ಗುಬುಟು. ಎಕ್ಸ್‌ಟ್ರೂಷನ್ ಅಂದರೆ ಬುಡ ಸಣ್ಣದು, ತಲೆ ದೊಡ್ಡದು, ಅಣಬೆಯ ಹಾಗೆ. ಸೀಕ್ವೆಸ್ಟ್ರೇಷನ್ ಅಂದರೆ ತುಂಡು ಕಳಚಿಕೊಂಡು ಬೇರೆಯೇ ಆಗಿರುವುದು. ಡೆಸಿಕೇಶನ್ ಅಂದರೆ ನೀರು ಕಡಿಮೆಯಾಗಿದೆ ಅಂತ. ಅದೊಂಥರಾ ತಲೆಕೂದಲು ನೆರೆತಿದೆ ಅಂತ ವರದಿ ಕೊಟ್ಟ ಹಾಗೆ.

ಬೆನ್ನುನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳ ಮೇಲೆ 2015ರಲ್ಲಿ ಒಂದು ದೊಡ್ಡ ವಿಮರ್ಶೆ ಬಂತು. ಇಪ್ಪತ್ತರ ವಯಸ್ಸಿನವರಲ್ಲೇ ಶೇ. 30 ಜನರಿಗೆ ಬಲ್ಜ್. ಎಂಬತ್ತರವರಲ್ಲಿ ಶೇ. 84. ನೆನಪಿಡಿ, ಇವರ್ಯಾರಿಗೂ ನೋವಿಲ್ಲ. ಹಾಗಾಗಿ ನಿಮ್ಮ ವರದಿಯಲ್ಲಿರುವ ಎಲ್4-ಎಲ್5 ಬಲ್ಜ್ ಬಗ್ಗೆ ನಿದ್ದೆ ಕೆಡಿಸಿಕೊಳ್ಳಬೇಡಿ. ಎಲ್5-ಎಸ್1 ತುಂಡು ಬೇರೆ ಮಾತು. ನೋವು ಎಲ್ಲಿದೆಯೋ ಅದಕ್ಕೆ ಸರಿಯಾಗಿ ಚಿತ್ರದಲ್ಲೂ ಕಾಣುತ್ತಿದೆ, ನಿಮ್ಮ ತೊಂದರೆಗೆ ಕಾರಣ ಅದೇ.

—

ತಾಳ್ಮೆಗೆಟ್ಟವಳು

ನನಗೂ ಎಲ್5-ಎಸ್1, ಎಕ್ಸ್‌ಟ್ರೂಷನ್ನೇ. ಹತ್ತು ವಾರ ಕಾದೆ. ರಾತ್ರಿ ನಿದ್ದೆ ಇಲ್ಲ, ನಿಂತೇ ಊಟ, ಮಗು ಎತ್ತಿಕೊಳ್ಳುವ ಹಾಗಿಲ್ಲ. ಕೊನೆಗೆ ಮೈಕ್ರೋಡಿಸೆಕ್ಟಮಿ ಮಾಡಿಸಿದೆ. ಅರಿವಳಿಕೆ ಇಳಿದು ಕಣ್ಣು ಬಿಟ್ಟಾಗ ಕಾಲುನೋವು ಇರಲಿಲ್ಲ. ಇದನ್ನು ಎಷ್ಟು ಜನರಿಗೆ ಹೇಳಿದರೂ ನಂಬಲ್ಲ. ಗಾಯ ನೋಯುತ್ತಿತ್ತು, ಆದರೆ ಆ ಕರೆಂಟ್ ನೋವು ಹೋಗಿತ್ತು. ಮಾರನೇ ದಿನ ನಡೆದುಕೊಂಡು ಮನೆಗೆ ಬಂದೆ.

ಇಡೀ ಡಿಸ್ಕ್ ತೆಗೆದುಬಿಡುತ್ತಾರೆ ಅಂತ ಹೆದರಿದ್ದೆ. ಹಾಗಲ್ಲ. ಸಣ್ಣ ಗಾಯ ಮಾಡಿ, ಮೈಕ್ರೋಸ್ಕೋಪ್ ಇಟ್ಟು, ನರವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಹೊರಗೆ ಬಂದ ತುಂಡನ್ನಷ್ಟೇ ತೆಗೆಯುತ್ತಾರೆ. ಉಳಿದ ಡಿಸ್ಕ್ ಅಲ್ಲೇ ಇರುತ್ತದೆ. ಜೋಮು ಮಾತ್ರ ಪೂರ್ತಿ ಹೋಗೋಕೆ ಎಂಟು ತಿಂಗಳು ಹಿಡಿಯಿತು. ನೋವು ಬೇಗ ಹೋಗುತ್ತದೆ, ಶಕ್ತಿ ಆಮೇಲೆ, ಜೋಮು ಎಲ್ಲದಕ್ಕೂ ಕೊನೆಗೆ ಅಂತ ಸರ್ಜನ್ ಮೊದಲೇ ಹೇಳಿದ್ದರು.

—

ಕತ್ತರಿಬೇಡ

ದಯವಿಟ್ಟು ಇಂಥ ಮಾತು ಕೇಳಿ ಟೇಬಲ್ ಮೇಲೆ ಮಲಗಬೇಡಿ. ಬೆನ್ನಿಗೆ ಕತ್ತರಿ ಹಾಕಿಸಿದರೆ ಕಾಲು ಬಿದ್ದುಹೋಗುತ್ತದೆ, ಜೀವಮಾನ ಹಾಸಿಗೆ. ನನ್ನ ಪರಿಚಯದವರೊಬ್ಬರಿಗೆ ಮೂರು ತಿಂಗಳು ಪೂರ್ತಿ ಮಲಗಿಸಿ, ತೂಕ ಕಟ್ಟಿ ಕಾಲೆಳೆದು, ಬೆನ್ನು ಒತ್ತಿ ಡಿಸ್ಕ್ ಒಳಗೆ ಕೂರಿಸಿದರು. ಈಗ ಕುದುರೆ ಹಾಗೆ ಓಡಾಡುತ್ತಾರೆ.

—

ನೆರಳುಬೆಳಕು

@ಕತ್ತರಿಬೇಡ, ಮೂರು ತಿಂಗಳಲ್ಲಿ ಹೆಚ್ಚಿನವರು ಏನೂ ಮಾಡದಿದ್ದರೂ ಸುಧಾರಿಸುತ್ತಾರೆ. ಕೀರ್ತಿ ಮಾತ್ರ ಕೊನೆಗೆ ಕೈ ಹಾಕಿದವರಿಗೆ. ಹೊರಗೆ ಬಂದ ತಿರುಳನ್ನು ಹೊರಗಿನಿಂದ ಒತ್ತಿ ಒಳಗೆ ಕಳಿಸೋಕಾಗಲ್ಲ. ಟೂತ್‌ಪೇಸ್ಟ್ ವಾಪಸ್ ಟ್ಯೂಬಿಗೆ ಹೋಗುತ್ತದಾ? ಅದಕ್ಕಿಂತ, ಸೋತಿರುವ ನರ ಇರುವವರ ಬೆನ್ನನ್ನು ಜೋರಾಗಿ ತಿರುಚುವುದು ಅಪಾಯ.

ಮಲಗಿಸುವ ವಿಷಯ: 1999ರಲ್ಲಿ ನೆದರ್ಲೆಂಡ್ಸ್‌ನವರು ಸಯಾಟಿಕಾ (ಸೊಂಟದ ನರ ಕೆರಳಿ ಕಾಲಿಗೆ ಇಳಿಯುವ ನೋವು) ಇರುವ 183 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎರಡು ವಾರ ಹಾಸಿಗೆ. ಇನ್ನೊಂದಕ್ಕೆ ಆದಷ್ಟು ಓಡಾಡಿಕೊಂಡಿರಿ ಅಂತ. ಹನ್ನೆರಡು ವಾರಕ್ಕೆ ಎರಡೂ ಗುಂಪಲ್ಲಿ ಶೇ. 87 ಜನ ಸುಧಾರಿಸಿದ್ದರು. ಮಲಗಿದ್ದರಿಂದ ಲಾಭ ಏನೂ ಇಲ್ಲ. ತೂಕ ಕಟ್ಟಿ ಎಳೆಯುವ ಟ್ರಾಕ್ಷನ್ ಬೇಡ ಅಂತ ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿಯೂ ಹೇಳುತ್ತದೆ. ಸೊಂಟಕ್ಕೆ ಕಟ್ಟುವ ಬೆಲ್ಟ್ ಬಗ್ಗೆಯೂ ಅದೇ ಮಾತು.

ಕಾಲು ಬಿದ್ದುಹೋಗುವ ಭಯ ಎಲ್ಲಿಂದ ಬಂತು ಅಂತ ಅರ್ಥ ಆಗುತ್ತದೆ. ಆದರೆ ಮೇಲೆ ಅಕ್ಕ ಹೇಳಿದ್ದು ಓದಿ. ಎಲ್5-ಎಸ್1 ಹತ್ತಿರ ಬೆನ್ನುಹುರಿಯೇ ಇಲ್ಲ, ಬರೀ ನರದ ಬೇರುಗಳು. ಅಪಾಯ ಸೊನ್ನೆ ಅಂತ ಹೇಳುತ್ತಿಲ್ಲ. ಸೋಂಕು ಆಗಬಹುದು, ನರದ ಹೊದಿಕೆ ಹರಿಯಬಹುದು, ನರಕ್ಕೇ ಪೆಟ್ಟಾಗಬಹುದು. ಆದರೆ ಎರಡೂ ಕಾಲು ಹೋಗುವುದು ತುಂಬಾ ತುಂಬಾ ಅಪರೂಪ.

—

ಎಡಗಾಲು

ಎರಡೂ ಕಡೆಯವರಿಗೆ ನನ್ನ ಕಥೆ. ‘ತುಂಡು ತಾನಾಗೇ ಕರಗುತ್ತದೆ’ ಅಂತ ಓದಿದ್ದೆ. ಅದನ್ನು ಹಿಡಿದುಕೊಂಡು ಕೂತೆ. ಎಲ್4-ಎಲ್5, ಎಲ್5 ನರ. ಒಂದು ದಿನ ಚಪ್ಪಲಿ ಕಾಲಿಂದ ಜಾರಿತು, ಗೊತ್ತೇ ಆಗಲಿಲ್ಲ. ನಡೆಯುವಾಗ ಪಾದ ನೆಲಕ್ಕೆ ಪಟಪಟ ಬಡಿಯೋಕೆ ಶುರುವಾಯಿತು. ತಮಾಷೆ ಏನಂದರೆ ಅದೇ ವಾರ ನೋವು ಕಡಿಮೆಯಾಯಿತು. ವಾಸಿ ಆಗ್ತಿದೆ ಅಂತ ಖುಷಿಪಟ್ಟೆ. ಅದು ವಾಸಿಯಲ್ಲ, ನರ ಸುಮ್ಮನಾಗಿತ್ತು. ತೋರಿಸಿಕೊಂಡಾಗ ಆರು ವಾರ ಕಳೆದಿತ್ತು. ಆಪರೇಷನ್ ಆಯಿತು, ಪಾದ ಅರ್ಧ ಮಾತ್ರ ವಾಪಸ್ ಬಂತು. ಈಗಲೂ ಮೆಟ್ಟಿಲು ಹತ್ತುವಾಗ ಹೆಬ್ಬೆರಳು ತಾಗುತ್ತದೆ.

ಕಾಯುವುದು ತಪ್ಪಲ್ಲ. ನೋಡಿಕೊಳ್ಳದೆ ಕಾದೆ, ಅದು ತಪ್ಪು. ಅಕ್ಕ ಹೇಳಿದ ಲೆಕ್ಕ ಬರೆದಿಡಿ.

—

ಕುರ್ಚಿಗಂಟಿದವ
(ನಾಲ್ಕನೇ ದಿನ)

ಎಡಗಾಲು ಅವರ ಮಾತು ಓದಿ ಆ ರಾತ್ರಿ ನಾಲ್ಕು ಸಲ ಎದ್ದು ತುದಿಗಾಲಲ್ಲಿ ನಿಂತೆ, ಹೆಂಡತಿ ಬೈದಳು. ಇವತ್ತಿನ ಲೆಕ್ಕ ಹತ್ತು. ನೋವು ಹಾಗೇ ಇದೆ.

ಎರಡು ಅನುಮಾನ. ತುಂಡು ಕರಗುತ್ತದೆ ಅನ್ನುವುದು ನಿಜವಾ, ಸಮಾಧಾನದ ಮಾತಾ? ಮತ್ತೆ ಪ್ರೆಗಾಬಾಲಿನ್ ಅನ್ನುವ ನರನೋವಿನ ಮಾತ್ರೆ ಕೊಟ್ಟಿದ್ದಾರೆ. ದಿನವಿಡೀ ತಲೆ ತೂಗುತ್ತದೆ, ಕಾಲು ಹಾಗೇ ಉರಿಯುತ್ತದೆ.

—

ನೆರಳುಬೆಳಕು

ನಿಜ. ನಾನೇ ಕಣ್ಣಾರೆ ನೋಡಿದ್ದೇನೆ, ಮೊದಲ ಸ್ಕ್ಯಾನ್‌ನಲ್ಲಿ ಹೆಬ್ಬೆರಳ ಗಾತ್ರದ ತುಂಡು, ವರ್ಷದ ನಂತರ ಹುಡುಕಿದರೂ ಇಲ್ಲ. ವಿಚಿತ್ರ ಏನಂದರೆ ದೊಡ್ಡದೇ ಜಾಸ್ತಿ ಕರಗುವುದು. 2015ರ ಒಂದು ವಿಮರ್ಶೆಯ ಲೆಕ್ಕ ಹೀಗಿದೆ: ಕಳಚಿಕೊಂಡ ತುಂಡುಗಳಲ್ಲಿ ಶೇ. 96 ಕುಗ್ಗಿದ್ದವು, ಎಕ್ಸ್‌ಟ್ರೂಷನ್‌ಗಳಲ್ಲಿ ಶೇ. 70, ಪ್ರೊಟ್ರೂಷನ್‌ಗಳಲ್ಲಿ ಶೇ. 41, ಬರೀ ಬಲ್ಜ್‌ಗಳಲ್ಲಿ ಶೇ. 13.

ಯಾಕೆ ಹೀಗೆ? ಡಿಸ್ಕ್‌ನ ತಿರುಳಿಗೆ ರಕ್ತನಾಳ ಇಲ್ಲ. ಹುಟ್ಟಿದಾಗಿನಿಂದ ಗೋಡೆಯೊಳಗೆ ಇದ್ದದ್ದು. ಗೋಡೆ ಒಡೆದು ಹೊರಗೆ ಬಂದಾಗ ದೇಹ ಅದನ್ನು ಪರಕೀಯ ಅಂತ ತಿಳಿಯುತ್ತದೆ. ಸುತ್ತ ಸಣ್ಣ ರಕ್ತನಾಳ ಬೆಳೆಯುತ್ತವೆ, ಬಿಳಿ ರಕ್ತಕಣಗಳು ಬಂದು ಮೆಲ್ಲಗೆ ತಿನ್ನುತ್ತವೆ. ಒಳಗೇ ಉಳಿದ ಬಲ್ಜ್‌ಗೆ ಆ ಭಾಗ್ಯ ಇಲ್ಲ. ಆದರೆ ಇದೇ ಜಗಳವೇ ಮೊದಲ ವಾರಗಳ ನೋವಿಗೂ ಕಾರಣ. ಒತ್ತಡದಿಂದ ಮಾತ್ರ ನರ ಉರಿಯುವುದಲ್ಲ, ತಿರುಳಿನಿಂದ ಬರುವ ಉರಿಯೂತದ ರಾಸಾಯನಿಕಗಳೂ ನರವನ್ನು ಕೆರಳಿಸುತ್ತವೆ. ಅದಕ್ಕೇ ತುಂಡು ಕುಗ್ಗುವ ಮೊದಲೇ ಎಷ್ಟೋ ಜನರಿಗೆ ನೋವು ಇಳಿಯುತ್ತದೆ.

—

ಮಾತ್ರೆಡಬ್ಬಿ

ಫಾರ್ಮಸಿಸ್ಟ್ ಇಲ್ಲಿ. ಪ್ರೆಗಾಬಾಲಿನ್ ಬಗ್ಗೆ: ಸಕ್ಕರೆ ಕಾಯಿಲೆಯ ನರನೋವಿಗೆ, ಸರ್ಪಸುತ್ತಿನ ನಂತರದ ನೋವಿಗೆ ಅದು ಕೆಲಸ ಮಾಡುತ್ತದೆ. ಸಯಾಟಿಕಾಕ್ಕೂ ಮಾಡುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದರು. 2017ರಲ್ಲಿ ಆಸ್ಟ್ರೇಲಿಯಾದಲ್ಲಿ 209 ಜನರ ಮೇಲೆ ಪರೀಕ್ಷೆ ಆಯಿತು. ಎಂಟು ವಾರ ಪ್ರೆಗಾಬಾಲಿನ್ ತಗೊಂಡವರಿಗೂ ಖಾಲಿ ಮಾತ್ರೆ ತಗೊಂಡವರಿಗೂ ಕಾಲುನೋವಿನಲ್ಲಿ ವ್ಯತ್ಯಾಸ ಇರಲಿಲ್ಲ. ತಲೆಸುತ್ತು ಮಾತ್ರ ಮೊದಲನೆಯವರಿಗೆ ಜಾಸ್ತಿ. ಆದರೂ ಬರೆಯುವುದು ನಿಂತಿಲ್ಲ. ರೋಗಿ ನೋವು ಅಂತ ಅಳುತ್ತಾ ಕೂತಾಗ ಏನಾದರೂ ಕೊಡಬೇಕು ಅನ್ನಿಸುತ್ತದೆ, ಅದು ನನಗೂ ಗೊತ್ತು.

ಒಂದೇ ಸಲಕ್ಕೆ ನೀವೇ ನಿಲ್ಲಿಸಬೇಡಿ. ಡಾಕ್ಟರಿಗೆ ಹೇಳಿ ಮೆಲ್ಲಗೆ ಇಳಿಸಿ. ಉರಿಯೂತ ಇಳಿಸುವ ಮಾತ್ರೆಗಳು ಸ್ವಲ್ಪ ಸಹಾಯ ಮಾಡಬಹುದು, ಆದರೆ ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಹೃದಯದ ತೊಂದರೆ ಇದ್ದವರು ಕೇಳದೆ ಮುಟ್ಟಬಾರದು.

—

ತಾಳ್ಮೆಗೆಟ್ಟವಳು

ಬೆನ್ನಿಗೆ ಕೊಡುವ ಇಂಜೆಕ್ಷನ್ ಬಗ್ಗೆಯೂ ಹೇಳಿ ಯಾರಾದರೂ. ನನಗೆ ಒಂದು ಕೊಟ್ಟಿದ್ದರು. ಎರಡು ವಾರ ಸ್ವರ್ಗ, ಮೂರನೇ ವಾರ ಮತ್ತೆ ಅದೇ ಕಥೆ.

—

ಮಾತ್ರೆಡಬ್ಬಿ

ಅದು ಎಪಿಡ್ಯೂರಲ್ ಸ್ಟೀರಾಯ್ಡ್. ನರದ ಸುತ್ತಲಿನ ಉರಿಯೂತ ಇಳಿಸೋಕೆ. ನಿಮಗಾದ ಹಾಗೇ ಹೆಚ್ಚಿನವರಿಗೆ: ಲಾಭ ಸಣ್ಣದು, ಕೆಲವು ವಾರದ್ದು. ತುಂಡನ್ನು ಅದು ಕರಗಿಸಲ್ಲ. ನಿದ್ದೆಯೇ ಇಲ್ಲದವರಿಗೆ ದೇಹ ತನ್ನ ಕೆಲಸ ಮುಗಿಸುವ ತನಕ ಸ್ವಲ್ಪ ಸಮಯ ಗಿಟ್ಟಿಸಿಕೊಡುತ್ತದೆ ಅನ್ನಬಹುದು.

ತುಂಡು ಕರಗಿಸುವ ಇಂಜೆಕ್ಷನ್ ಒಂದು ಕಾಲದಲ್ಲಿ ಇತ್ತು. ಪರಂಗಿ ಹಣ್ಣಿನ ಹಾಲಿನಿಂದ ತೆಗೆದ ಕೈಮೊಪಪೈನ್ ಅನ್ನುವ ಕಿಣ್ವ. 1964ರಲ್ಲಿ ಲೈಮನ್ ಸ್ಮಿತ್ ಅನ್ನುವ ಡಾಕ್ಟರು ಮನುಷ್ಯರ ಮೇಲೆ ಬಳಸಿದ ವರದಿ ಕೊಟ್ಟರು. ಅಮೆರಿಕದಲ್ಲಿ 1982ರಲ್ಲಿ ಒಪ್ಪಿಗೆ ಸಿಕ್ಕಿತು. ಕೆಲವರಿಗೆ ಜೀವಕ್ಕೇ ಕುತ್ತು ತರುವಂಥ ಅಲರ್ಜಿ ಆಯಿತು, ಕೆಲವರಿಗೆ ನರಗಳಿಗೆ ಹಾನಿ. ಕೊನೆಗೆ 2003ರಲ್ಲಿ ಅಲ್ಲಿ ಮಾರಾಟ ನಿಂತಿತು. (ಪರಂಗಿ ಹಣ್ಣು ತಿಂದರೆ ಡಿಸ್ಕ್ ಕರಗುತ್ತಾ ಅಂತ ಯಾರೂ ಕೇಳಬೇಡಿ. ಕರಗಲ್ಲ.)

—

ಹಳೇಬೆನ್ನು

ಕೇಳಬೇಕು ಅಂತಲೇ ಇದ್ದೆ 😄

ಇಷ್ಟೆಲ್ಲ ಗೊತ್ತಾಗಿದ್ದೇ ಇತ್ತೀಚೆಗೆ ನೋಡಿ. ಸಯಾಟಿಕಾ ನೋವು ಹಳೇ ಕಾಲದಿಂದ ಇದೆ, ಕಾರಣ ಡಿಸ್ಕ್ ಅಂತ ಪಕ್ಕಾ ಆಗಿದ್ದು 1934ರಲ್ಲಿ. ಅಮೆರಿಕದ ಮಿಕ್ಸ್‌ಟರ್ ಮತ್ತು ಬಾರ್ ಅನ್ನುವ ಇಬ್ಬರು ಸರ್ಜನ್‌ಗಳು ಬರೆದರು. ಅದಕ್ಕೆ ಮುಂಚೆ ಆಪರೇಷನ್‌ನಲ್ಲಿ ಸಿಕ್ಕ ತುಂಡನ್ನು ಮೃದ್ವಸ್ಥಿಯ ಗೆಡ್ಡೆ ಅಂತ ತಿಳಿದಿದ್ದರಂತೆ. ಅದು ಗೆಡ್ಡೆಯಲ್ಲ, ಒಡೆದ ಡಿಸ್ಕ್ ಅಂತ ಇವರು ತೋರಿಸಿದರು.

—

ಕತ್ತರಿಬೇಡ

ಸರಿ, ಒಪ್ಪಿದೆ, ಕಾಲು ಬೀಳುವ ಮಾತು ವಾಪಸ್ ತಗೊಳ್ತೀನಿ. ಆದರೆ ಒಂದು ಕೇಳುತ್ತೇನೆ. ಕರಗುತ್ತದೆ ಅಂತ ನೀವೇ ಹೇಳ್ತೀರಿ, ಆಪರೇಷನ್ ಒಳ್ಳೆಯದು ಅಂತಲೂ ನೀವೇ ಹೇಳ್ತೀರಿ. ಯಾವುದು ಸರಿ?

—

ಫಿಸಿಯೋ_ಅಕ್ಕ

ಒಳ್ಳೇ ಪ್ರಶ್ನೆ. 2007ರಲ್ಲಿ ನೆದರ್ಲೆಂಡ್ಸ್‌ನವರೇ ಇದಕ್ಕೂ ಉತ್ತರ ಹುಡುಕಿದರು. ಆರರಿಂದ ಹನ್ನೆರಡು ವಾರ ಜೋರು ಸಯಾಟಿಕಾ ಅನುಭವಿಸಿದ 283 ಜನ. ಅರ್ಧ ಜನರಿಗೆ ಬೇಗ ಆಪರೇಷನ್, ಉಳಿದವರು ಕಾಯುವುದು, ತಡೆಯೋಕಾಗದಿದ್ದರೆ ಆಮೇಲೆ ಮಾಡಿಸುವುದು. ಬೇಗ ಮಾಡಿಸಿದವರು ನಾಲ್ಕು ವಾರದ ಹೊತ್ತಿಗೆ ಸುಧಾರಿಸಿದರು. ಕಾದವರಿಗೆ ಹನ್ನೆರಡು ವಾರ ಬೇಕಾಯಿತು. ಕಾದವರಲ್ಲಿ ಶೇ. 39 ಜನ ಕೊನೆಗೆ ಆಪರೇಷನ್‌ಗೆ ಹೋದರು. ಒಂದು ವರ್ಷದ ನಂತರ ನೋಡಿದರೆ ಎರಡೂ ಗುಂಪಲ್ಲಿ ಶೇ. 95 ಜನ ಆರಾಮ.

ಅಂದರೆ ಶಕ್ತಿ ಕುಸಿಯದಿದ್ದರೆ, ಮೂತ್ರದ ತೊಂದರೆ ಇಲ್ಲದಿದ್ದರೆ, ಆಪರೇಷನ್ ಕೊಡುವುದು ಬೇರೆ ಫಲಿತಾಂಶ ಅಲ್ಲ, ಬೇಗ ಸಿಗುವ ಫಲಿತಾಂಶ. ಆ ಎಂಟು ವಾರ ನಿಮಗೆ ಎಷ್ಟು ಮುಖ್ಯ ಅನ್ನುವುದು ನಿಮ್ಮ ಲೆಕ್ಕ. ಪುಟ್ಟ ಮಗು ಇರುವ ತಾಯಿ ಒಂದು ತೀರ್ಮಾನ ಮಾಡುತ್ತಾಳೆ, ರಜೆ ಸಿಗುವ ಮನುಷ್ಯ ಇನ್ನೊಂದು. ಇಬ್ಬರೂ ಸರಿ. ಕುರ್ಚಿಗಂಟಿದವರ ಇಬ್ಬರು ಸರ್ಜನ್‌ಗಳೂ ಸುಳ್ಳು ಹೇಳಿಲ್ಲ.

ಒಂದು ಎಚ್ಚರ: ಈ ಲೆಕ್ಕ ಕಾಲುನೋವಿನದು. ಬರೀ ಸೊಂಟನೋವಿಗೆ ಈ ಆಪರೇಷನ್ ಮಾಡಿಸಿದರೆ ಇಷ್ಟು ಸುಖ ಸಿಗಲ್ಲ.

—

ಸಂಜೆನಡಿಗೆ

ಇಷ್ಟೊತ್ತು ಓದುತ್ತಿದ್ದೆ. ಯಾರೂ ಹೇಳದ ಮಾತು ಒಂದಿದೆ. ನನಗೆ ಆಪರೇಷನ್ ಚೆನ್ನಾಗೇ ಆಯಿತು, ಏಳು ತಿಂಗಳಿಗೆ ಅದೇ ಡಿಸ್ಕ್ ಮತ್ತೆ ಬಂತು. ತಾಳ್ಮೆಗೆಟ್ಟವಳು ಅವರೇ ಹೇಳಿದ ಹಾಗೆ ತೆಗೆಯುವುದು ತುಂಡು ಮಾತ್ರ, ಗೋಡೆಯ ಸೀಳು ಹಾಗೇ ಇರುತ್ತದೆ. ನೂರರಲ್ಲಿ ಐದರಿಂದ ಹದಿನೈದು ಜನರಿಗೆ ಹೀಗೆ ಮರುಕಳಿಸುತ್ತದೆ ಅಂತ ನನಗೆ ಆಮೇಲೆ ಗೊತ್ತಾಯಿತು. ಸೀಳು ದೊಡ್ಡದಿದ್ದವರಿಗೆ ಜಾಸ್ತಿ. ಮೊದಲೇ ಯಾರಾದರೂ ಹೇಳಿದ್ದರೆ ನಾಲ್ಕನೇ ವಾರಕ್ಕೇ ಬೀರು ತಳ್ಳೋಕೆ ಹೋಗುತ್ತಿರಲಿಲ್ಲ. ಸಿಗರೇಟೂ ಬಿಟ್ಟಿರಲಿಲ್ಲ, ಅದೂ ಸೇರಿತು.

ಎರಡನೇ ಸಲ ಆಪರೇಷನ್ ಬೇಡ ಅಂದೆ. ದಿನಾ ನಡೆದೆ. ಮೊದಲು ಐದು ನಿಮಿಷ, ಮೂರು ತಿಂಗಳಿಗೆ ನಲವತ್ತು. ಈಗ ಎರಡು ವರ್ಷ ಆಯಿತು.

—

ಕುರ್ಚಿಗಂಟಿದವ
(ಒಂಬತ್ತನೇ ದಿನ)

ಎಲ್ಲರಿಗೂ ಥ್ಯಾಂಕ್ಸ್. ಕಾಯುವುದು ಅಂತ ತೀರ್ಮಾನ ಮಾಡಿದ್ದೇನೆ. ಎರಡನೇ ಸರ್ಜನ್ ಹತ್ತಿರ ಹೋಗಿ ತುದಿಗಾಲಿನ ಲೆಕ್ಕದ ಚೀಟಿ ತೋರಿಸಿದೆ. ನಕ್ಕರು, ಆಮೇಲೆ ಫೈಲಿನಲ್ಲಿ ಇಟ್ಟುಕೊಂಡರು. ಇವತ್ತು ಹನ್ನೆರಡು.

ಒಂದು ಹೊಸದು: ಹೊಟ್ಟೆ ಕೆಳಗೆ ಮಾಡಿ ಮಲಗಿ ಮೊಣಕೈ ಊರಿ ಎದೆ ಎತ್ತಿದರೆ ಮೀನಖಂಡದ ನೋವು ಹೋಗಿ ಪಿರ್ರೆಗೆ ಬರುತ್ತದೆ. ಸೊಂಟ ಮಾತ್ರ ಮೊದಲಿಗಿಂತ ಜಾಸ್ತಿ ನೋಯುತ್ತದೆ. ನಿಲ್ಲಿಸಬೇಕಾ?

—

ಫಿಸಿಯೋ_ಅಕ್ಕ

ನಿಲ್ಲಿಸಬೇಡಿ! ಇದು ಒಳ್ಳೇ ಸುದ್ದಿ. ಕಾಲಿನ ನೋವು ಮೇಲಕ್ಕೆ ಏರಿ ಸೊಂಟದ ಕಡೆ ಬಂದರೆ, ಸೊಂಟ ಸ್ವಲ್ಪ ಜಾಸ್ತಿ ನೋಯ್ದರೂ ಪರವಾಗಿಲ್ಲ. ಕೆಳಕ್ಕೆ ಇಳಿದು ಪಾದ ಮುಟ್ಟಿದರೆ ಮಾತ್ರ ಆ ವ್ಯಾಯಾಮ ಬಿಡಿ. ನ್ಯೂಜಿಲೆಂಡಿನ ಫಿಸಿಯೋಥೆರಪಿಸ್ಟ್ ರಾಬಿನ್ ಮೆಕೆಂಜಿ ಇದನ್ನು 1956ರಲ್ಲಿ ಅಕಸ್ಮಾತ್ತಾಗಿ ಕಂಡುಕೊಂಡರು. ಕಾಲುನೋವಿನ ರೋಗಿಯೊಬ್ಬ ಅವರ ಕ್ಲಿನಿಕ್‌ನಲ್ಲಿ ತಲೆಯ ಕಡೆ ಎತ್ತಿಟ್ಟಿದ್ದ ಮಂಚದ ಮೇಲೆ ಬೋರಲು ಮಲಗಿಬಿಟ್ಟ. ಸ್ವಲ್ಪ ಹೊತ್ತಿಗೆ ಕಾಲುನೋವು ಮಾಯ. ಎಲ್ಲರಿಗೂ ಇದು ಹೊಂದಲ್ಲ, ಕೆಲವರಿಗೆ ಹಿಂದಕ್ಕೆ ಬಾಗಿದರೆ ಜಾಸ್ತಿಯಾಗುತ್ತದೆ. ನಿಮಗೆ ಹೊಂದಿದೆ, ಹತ್ತಿರದ ಫಿಸಿಯೋ ನೋಡಿಕೊಳ್ಳಲಿ.

—

ಹಳೇಬೆನ್ನು

ಮತ್ತೆ ಆ ಕುರ್ಚಿ? ಕೂರುವುದು ನಿಲ್ಲುವುದಕ್ಕಿಂತ ಡಿಸ್ಕ್‌ಗೆ ಜಾಸ್ತಿ ಭಾರ ಅಂತಾರಲ್ಲ.

—

ಫಿಸಿಯೋ_ಅಕ್ಕ

ಅದು 1960ರ ದಶಕದ ಅಳತೆ. 1999ರಲ್ಲಿ ಜರ್ಮನಿಯಲ್ಲಿ ಒಬ್ಬರ ಡಿಸ್ಕ್‌ನೊಳಗೇ ಒತ್ತಡದ ಸೆನ್ಸರ್ ಇಟ್ಟು ಇಡೀ ದಿನ ಅಳೆದರು. ಸಡಿಲವಾಗಿ ಕೂತಾಗ ನಿಂತಾಗಿನಷ್ಟೇ ಬಂತು, ಸ್ವಲ್ಪ ಕಡಿಮೆಯೇ. ಆದರೆ ಬೆನ್ನು ಬಗ್ಗಿಸಿ 20 ಕೆ.ಜಿ. ಎತ್ತಿದಾಗ ನಿಂತಾಗಿನ ನಾಲ್ಕು ಪಟ್ಟಿಗೂ ಜಾಸ್ತಿ. ಒಬ್ಬರ ಅಳತೆ, ಅದರ ಮೇಲೆ ದೊಡ್ಡ ಮನೆ ಕಟ್ಟಬೇಡಿ. ಕುರ್ಚಿ ಶತ್ರುವಲ್ಲ, ಅಲ್ಲಾಡದೆ ಕೂರುವುದು ತೊಂದರೆ. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಎರಡು ಹೆಜ್ಜೆ ಹಾಕಿ.

—

ಕುರ್ಚಿಗಂಟಿದವ
(ಎರಡು ತಿಂಗಳ ನಂತರ)

ಹಳೇ ಚರ್ಚೆ ಎಬ್ಬಿಸುತ್ತಿದ್ದೇನೆ, ಕ್ಷಮಿಸಿ. ಸೀನು ಬಂದ ದಿನದಿಂದ ಹದಿನಾಲ್ಕನೇ ವಾರ. ತುದಿಗಾಲು ಹದಿನೇಳು. ಮೀನಖಂಡದ ನೋವು ಹೋಗಿದೆ. ಪಿರ್ರೆಯಲ್ಲಿ ಸಂಜೆ ಹೊತ್ತಿಗೆ ಒಂಥರಾ ಭಾರ. ಕಿರುಬೆರಳು ಇನ್ನೂ ಮಂಕು. ಸುತ್ತಿಗೆ ತಟ್ಟಿದರೆ ಪಾದ ಈಗಲೂ ಜಿಗಿಯಲ್ಲ. ಅದು ವಾಪಸ್ ಬರದಿದ್ದರೂ ನಡಿಗೆಗೆ ತೊಂದರೆ ಇಲ್ಲ ಅಂದರು ಸರ್ಜನ್. ಮತ್ತೆ ಸ್ಕ್ಯಾನ್ ಮಾಡಿಸಲಾ ಅಂದಿದ್ದಕ್ಕೆ ‘ಯಾಕೆ, ಕಾಲಿಗೆ ಗೊತ್ತಿಲ್ಲದ್ದು ಫಿಲ್ಮ್‌ಗೆ ಗೊತ್ತಿರುತ್ತಾ?’ ಅಂದರು. ನೀವಿಬ್ಬರೂ ಮಾತಾಡಿಕೊಂಡಿದ್ದೀರಾ ಅಕ್ಕಾ?

ಒಂದು ಮಾತ್ರ ಹೋಗಿಲ್ಲ. ಸೀನು ಬರುತ್ತೆ ಅನ್ನಿಸಿದರೆ ಸಾಕು, ಮೈಯೆಲ್ಲ ಬೆವರುತ್ತದೆ. ಮೂಗು ಒತ್ತಿ ಹಿಡಿಯುತ್ತೇನೆ.

—

ಫಿಸಿಯೋ_ಅಕ್ಕ

ಹದಿನೇಳು! ಸಂತೋಷ ಆಯಿತು. ಮೂಗು ಒತ್ತಿ ಹಿಡಿಯಬೇಡಿ, ಕಿವಿಗೆ ಪೆಟ್ಟು. ನಿಂತಿದ್ದರೆ ಗೋಡೆಗೋ ಮೇಜಿಗೋ ಕೈ ಊರಿ, ಎದೆ ಎತ್ತಿ, ಸೊಂಟ ಸ್ವಲ್ಪ ಹಿಂದಕ್ಕೆ ಬಾಗಿಸಿ ಸೀನಿ. ಕೂತಿದ್ದರೆ ತೊಡೆಯ ಮೇಲೆ ಎರಡೂ ಕೈ ಒತ್ತಿ ಬೆನ್ನು ನೆಟ್ಟಗೆ. ಮುಂದಕ್ಕೆ ಮಾತ್ರ ಮುಗ್ಗರಿಸಬೇಡಿ.

—

ಕುರ್ಚಿಗಂಟಿದವ

ಈಗಷ್ಟೇ ಒಂದು ಬಂತು. ಗೋಡೆ ಹಿಡಿದು ಸೀನಿದೆ. ಏನೂ ಆಗಲಿಲ್ಲ.